ಓಟೇ ಬೀಳದ ವಾರ್ಡು

ಮೊನ್ನೆ ವಾಸ್ಕೋದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಹೊರಟಿದ್ದೆ. ಪಣಜಿಯಲ್ಲಿ ಬೆಳಗಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವನಿಗೆ ಅರೆನಿದ್ದೆಯಲ್ಲಿ ಜುವಾರಿ ಸೇತುವೆ ದಾಟಿದ್ದೂ ಗೊತ್ತಾಗಲಿಲ್ಲ. ಸಾಂಕೋಲೆಯ ಹತ್ತಿರ ಬಸ್ಸು ಏರು ಹತ್ತುವಾಗ ಮೂಗಿಗೆ ಬಡಿಯಿತು ನೋಡಿ: ಕಟ್ಟಿಗೆ ಒಲೆಯ ಹೊಗೆ, ಹೆಂಚಿನ ಮೇಲೆ ಸುಡುತ್ತಿರುವ ಜೋಳದ ರೊಟ್ಟಿ, ಹುರಿದ ಗುರೆಳ್ಳು. ಗೋವೆಯ ಹೆದ್ದಾರಿಯಲ್ಲಿ ವಿಜಾಪುರದ ಅಡುಗೆಮನೆಯ ವಾಸನೆ! ತಡೆಯಲಾಗಲಿಲ್ಲ. "ನಿಲ್ಲಿಸಪ್ಪಾ" ಎಂದು ಕೂಗಿ ಇಳಿದೇಬಿಟ್ಟೆ. ಮದುವೆಯ ಊಟ ಮಧ್ಯಾಹ್ನಕ್ಕೆ ತಾನೇ.

ಇಳಿದ ಕಡೆ ಚರ್ಚಿನ ತಿರುವು. ಅಲ್ಲಿ ಬುತ್ತಿಗಂಟು, ಕರಣಿ, ಸಲಿಕೆ ಹಿಡಿದು ಐವತ್ತು ಅರವತ್ತು ಮಂದಿ ನಿಂತಿದ್ದರು. ಅದು ಕೂಲಿ ನಾಕಾ. ದಿನಗೂಲಿಯವರು ಬೆಳಿಗ್ಗೆ ಅಲ್ಲಿ ಬಂದು ನಿಲ್ಲುತ್ತಾರೆ, ಗುತ್ತಿಗೆದಾರರು ಟೆಂಪೋ ತಂದು ಬೇಕಾದಷ್ಟು ಜನರನ್ನು ಹತ್ತಿಸಿಕೊಂಡು ಹೋಗುತ್ತಾರೆ. ನಾಕಾ ಇನ್ನೂ ಅಲ್ಲೇ ಇದೆ ಎಂದು ಕಂಡು ನನಗೆ ನಗುವೇ ಬಂತು. ಒಂದು ಕಾಲಕ್ಕೆ ಅದನ್ನು ಅಲ್ಲಿಂದ ಎಬ್ಬಿಸಬೇಕೆಂದು ಒಂದು ಊರಿನ ಸರಕಾರವೇ ಅಲ್ಲಾಡಿಹೋಗಿತ್ತು. ಆ ವರ್ಷ ನಾನು ಇಲ್ಲಿದ್ದೆ.

ಎರಡು ಸಾವಿರದ ಎಂಟರ ಮಳೆಗಾಲ ಮುಗಿಯುತ್ತಿತ್ತು. ಧಾರವಾಡದಿಂದ ಬಂದು ಇಲ್ಲಿನ ಕಾರ್ಖಾನೆಯೊಂದರಲ್ಲಿ ವಾಲ್ವುಗಳ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿರಲಿಲ್ಲ, ಅಡುಗೆ ಬರುತ್ತಿರಲಿಲ್ಲ. ಹೀಗಾಗಿ ಎರಡು ಹೊತ್ತೂ ಗಂಗವ್ವನ ಖಾನಾವಳಿಯೇ ಗತಿ. ತಗಡಿನ ಮಾಡು, ನಾಲ್ಕು ಬೆಂಚು, ಹಿಂದೆ ಎರಡು ಒಲೆ. ಗಂಗವ್ವ ಸಿಂದಗಿ ಕಡೆಯವಳು. ಗಂಡ ಬಂದರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಇವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಅರ್ಧ ಫರ್ಲಾಂಗು ಕೇಳುತ್ತಿತ್ತು.

ಮೊದಲ ವಾರ ನಾನು ಊಟ ಮಾಡುತ್ತಿದ್ದಾಗ ಕಾರೊಂದು ಬಂದು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಶರ್ಟಿನವನು ಇಳಿದು, ಒಲೆಯ ಹತ್ತಿರ ಹೋಗಿ, ಕೈಮುಗಿದು, "ಗಂಗಾಬಾಯ್, ಮೀಟಿಂಗಾಕ್ ಯೋ ಗಾ" ಎಂದ. ಮೀಟಿಂಗಿಗೆ ಬಾರಮ್ಮ ಎಂದು. ಹಿಟ್ಟಿನ ಕೈಯಲ್ಲೇ ಇವಳು ತಲೆಯಾಡಿಸಿದಳು. ಅವನು ಹೋದ ಮೇಲೆ ನಾನು ಸುಮ್ಮನಿರಬೇಕಿತ್ತು. ಆದರೆ ನಾನು ಮೂಗು ತೂರಿಸುವ ಜಾತಿ.

"ಯಾರ್ರಿ ಅಕ್ಕಾರ ಅವರು?"

"ಉಲ್ಲಾಸ ಅಂತ. ಕಂತ್ರಾಟುದಾರ. ಪಂಚಾಯ್ತಿ ಮೆಂಬರನೂ ಹೌದ್ರಿ."

"ನಿಮಗ್ಯಾಕ ಕೈ ಮುಗದ್ರು?"

"ನಾನೂ ಮೆಂಬರ್ ಅದೀನಲ್ರಿ ಸರ!" ಎಂದು ನಕ್ಕು ರೊಟ್ಟಿ ತಿರುವಿ ಹಾಕಿದಳು.

ಗೋವೆಯ ಒಂದು ಪಂಚಾಯತಿಯಲ್ಲಿ (ಹೆಸರು ಬೇಡ, ಈಗ ಯಾರಿಗೂ ಬೇಸರ ಬೇಡ) ನಮ್ಮ ಸಿಂದಗಿಯ ರೊಟ್ಟಿಯವ್ವ ಸದಸ್ಯೆ! ಹೇಗೆ ಆರಿಸಿ ಬಂದರು, ಎದುರಿಗೆ ಯಾರಿದ್ದರು, ಎಷ್ಟು ಓಟು ಬಿದ್ದವು ಎಂದು ಒಂದೇ ಉಸಿರಿಗೆ ಕೇಳಿದೆ. ಉತ್ತರ ಕೊಟ್ಟವನು ಪಕ್ಕದ ಬೆಂಚಿನ ಸಂಗಪ್ಪಜ್ಜ. ಗುಡ್ಡದ ಮೇಲಿನ ನಮ್ಮವರ ಕಾಲನಿಗೆ ಮೊದಲು ಬಂದು ನೆಲೆ ನಿಂತವನು, ಹಿರಿಯ.

"ಓಟ? ನಮ್ಮ ವಾರ್ಡಿನ್ಯಾಗ ಓಟೇ ಬಿದ್ದಿಲ್ರಿ!" ಎಂದ, ಎದೆ ಉಬ್ಬಿಸಿ. "ದೈವ ಕೂಡಿಸಿದ್ವಿ. ಮೂರು ಮಂದಿ ಹೆಣ್ಣುಮಕ್ಕಳು ಅರ್ಜಿ ಹಾಕಿದ್ರು. ಇಬ್ಬರನ್ನ ಹಿಂದಕ್ಕ ಸರಿಸಿದ್ವಿ. ಅವಿರೋಧ! ನಮ್ಮೂರಾಗ ಹಿಂಗ ಆದ್ರ ಹಲಗಿ ಬಡದು ಮೆರವಣಿಗಿ ಮಾಡ್ತಾರ."

ನಮ್ಮ ಕಡೆ ದೈವವೆಂದರೆ ದೇವರಲ್ಲ, ಊರ ಹಿರಿಯರು ಕೂಡಿದ ಸಭೆ. ಹಿಂದಿನ ವರ್ಷದ ಚುನಾವಣೆಯಲ್ಲಿ ಆ ವಾರ್ಡು ಹೆಂಗಸರಿಗೆ ಮೀಸಲಾಗಿತ್ತಂತೆ. ವಾರ್ಡಿನ ತುಂಬ ನಮ್ಮವರೇ. ದೈವ ಎಲ್ಲವ್ವನ ಕಟ್ಟೆಯ ಮುಂದೆ ಕೂತು, ತಟ್ಟೆಯಲ್ಲಿ ಭಂಡಾರ ಇಟ್ಟು, ಒಬ್ಬೊಬ್ಬರಿಂದ ಅದನ್ನು ಮುಟ್ಟಿಸಿ ಆಣೆ ಮಾಡಿಸಿತು. ಭಂಡಾರವೆಂದರೆ ಅವ್ವನ ಅರಿಶಿನ. ಅದನ್ನು ಮುಟ್ಟಿ ಆಡಿದ ಮಾತು ತಪ್ಪುವಂತಿಲ್ಲ. ಗಂಗವ್ವನೇ ಯಾಕೆ ಎಂದು ಕೇಳಿದೆ. ಸಂಗಪ್ಪಜ್ಜ ಸೌಟಿನ ಕಡೆ ಬೊಟ್ಟು ಮಾಡಿದ. "ಗೌಂಡಿ ಬರಲಿ, ಸಾಹೇಬ ಬರಲಿ, ಈಕಿ ಸೌಟು ಒಂದs ತುಂಬತೈತಿ. ಇಕಾಡಿ ಅಕಾಡಿ ವಾಲಂಗಿಲ್ಲ."

ಚಲೋ ಮಾತೇ. ಓಟು ಹಾಕುವ ತಾಪತ್ರಯವೇ ಇಲ್ಲದೆ ಒಳ್ಳೆಯ ಮನುಷ್ಯಳನ್ನು ಆರಿಸಿದ್ದಾರಲ್ಲ ಎಂದು ಮೆಚ್ಚಿಕೊಂಡೆ.

ಪಂಚಾಯತಿಯಲ್ಲಿ ಒಟ್ಟು ಒಂಬತ್ತು ಜನ. ನಾಲ್ವರು ಸರಪಂಚ ಸಾಲ್ವಾದೋರನ ಕಡೆ, ನಾಲ್ವರು ಉಲ್ಲಾಸನ ಕಡೆ. ನಟ್ಟನಡುವೆ ಗಂಗವ್ವ. ಅವಳು ಯಾವ ಕಡೆ ಕೈ ಎತ್ತಿದರೆ ಆ ಕಡೆ ಸರಕಾರ. ಸಾಲ್ವಾದೋರ ನಿವೃತ್ತ ಹಡಗಿನ ನಾವಿಕ, ಎತ್ತರದ ಮುದುಕ, ಸಿಟ್ಟು ಜಾಸ್ತಿ. ಅವನಿಗಿಂತ ಮುಂಚೆ ಉಲ್ಲಾಸ ಸರಪಂಚನಾಗಿದ್ದ. ಅವಿಶ್ವಾಸ ಬಂದು ಕುರ್ಚಿ ಹೋಗಿತ್ತು. ಗಂಗವ್ವ ಅವನಿಂದ ಇವನಿಗೆ ಬಂದದ್ದು ಕಾಲನಿಗೆ ನೀರಿನ ಪೈಪು ಹಾಕಿಸುತ್ತೇನೆಂದು ಸಾಲ್ವಾದೋರ ಹೇಳಿದ್ದಕ್ಕೆ, ಹೇಳಿದಂತೆ ಹಾಕಿಸಿದ್ದಕ್ಕೆ.

ಅಷ್ಟರಲ್ಲಿ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಒಂದು ನೋಟೀಸು ಬಂತು. ಮೂರು ಪಾಳಿ ಒಂದಾಯಿತು. ನಮ್ಮ ವಾಲ್ವು ಹೋಗುತ್ತಿದ್ದದ್ದು ಜರ್ಮನಿಗೆ. ಅಲ್ಲಿಯ ಬ್ಯಾಂಕುಗಳಿಗೆ ಏನೋ ಕೆಡುಕಾಗಿ ಅವರು ಕೊಳ್ಳುವುದನ್ನು ನಿಲ್ಲಿಸಿದರು. ಆಮೇಲೆ ಕಟ್ಟಡದ ಕೆಲಸ ನಿಂತವು. ಹೊರದೇಶದವರು ಮುಂಗಡ ಕೊಟ್ಟಿದ್ದ ಫ್ಲ್ಯಾಟುಗಳು ಕಂಬ ಎದ್ದಲ್ಲಿಗೇ ಬಿಟ್ಟುಹೋದವು, ಸರಳುಗಳು ತುಕ್ಕು ಹಿಡಿದವು. ಬೆಳಿಗ್ಗೆ ಎಂಟಕ್ಕೆ ಖಾಲಿಯಾಗುತ್ತಿದ್ದ ನಾಕಾದಲ್ಲಿ ಮಧ್ಯಾಹ್ನದವರೆಗೂ ಜನ ನಿಂತಿರತೊಡಗಿದರು. ನಿಂತು ಸಾಕಾದವರು ಚರ್ಚಿನ ಕಟ್ಟೆಯ ಮೇಲೆ ಕೂತರು, ಕೂತು ಸಾಕಾದವರು ಮಲಗಿದರು. ಊರಿನ ಹುಡುಗರಿಗೂ ಕೆಲಸ ಹೋಗಿತ್ತು. ಅವರು ಬೈಕಿನ ಮೇಲೆ ಕೂತು ಇವರನ್ನು ನೋಡುತ್ತಿದ್ದರು. ಅಷ್ಟರಲ್ಲಿ ಯಾರದೋ ಒಂದು ಸ್ಕೂಟರು ಕಳುವಾಯಿತು. ತಗೊಳ್ಳಿ, ಕಳ್ಳರು ಯಾರೆಂದು ಊರಿಗೆಲ್ಲ ಗೊತ್ತಾಗಿಬಿಟ್ಟಿತು!

ಇದನ್ನೆಲ್ಲ ನಾನು ಬೆರಗಿನಿಂದ ನೋಡುತ್ತಿದ್ದೆ. ಜರ್ಮನಿಯಲ್ಲಿ ಯಾರೋ ವಾಲ್ವು ಬೇಡವೆಂದರೆ ಗೋವೆಯಲ್ಲಿ ಸಾಲ್ವಾದೋರನ ಕುರ್ಚಿಯ ಕಾಲು ಅಲ್ಲಾಡುವುದು ಹೇಗೆ? ಪತ್ರಿಕೆಯಲ್ಲಿ ಅದನ್ನು ಯಾರೂ ಬರೆಯುತ್ತಿರಲಿಲ್ಲ. ನನಗೆ ಅದು ಖಾನಾವಳಿಯ ಬೆಂಚಿನ ಮೇಲೆ ಕಣ್ಣೆದುರೇ ನಡೆಯುತ್ತಿತ್ತು.

ಒಂದು ಭಾನುವಾರ ಗ್ರಾಮಸಭೆ ಇತ್ತು. ನಾನೂ ಹಿಂದಿನ ಸಾಲಿನಲ್ಲಿ ಹೋಗಿ ನಿಂತೆ. ಉಲ್ಲಾಸನ ಕಡೆಯವರು ಎದ್ದು ನಾಕಾ ಎತ್ತಿಸಬೇಕು, ಹೊರಗಿನವರು ತಿರುವಿನಲ್ಲಿ ನಿಲ್ಲಕೂಡದು ಎಂದು ಗದ್ದಲ ಹಾಕಿದರು. ಸಾಲ್ವಾದೋರ ಮೇಜು ಗುದ್ದಿದ. ತಾನೂ ಹರೆಯದಲ್ಲಿ ಕಂಡವರ ಬಂದರಿನಲ್ಲಿ ಹಡಗಿನ ಕೆಲಸಕ್ಕಾಗಿ ಬೆಳಗಿನಿಂದ ಸಂಜೆತನಕ ನಿಂತವನು, ನಿಲ್ಲುವುದು ಅಪರಾಧವಾದರೆ ಮೊದಲು ತನ್ನನ್ನು ಹಿಡಿಯಿರಿ ಎಂದ. ಗಂಗವ್ವ ಎದ್ದು ತನ್ನ ಹರಕುಮುರುಕು ಕೊಂಕಣಿಯಲ್ಲಿ ಏನೋ ಹೇಳಲು ಹೊರಟಳು. ಆಗ ಒಬ್ಬ ಕೂಗಿದ: "ಗಂಗಾಬಾಯ್, ತುಕಾ ಕಿತ್ಲೀಂ ಮತಾಂ ಮೆಳ್ಳಿಂ?" ನಿನಗೆ ಎಷ್ಟು ಓಟು ಸಿಕ್ಕವು?

ಗಂಗವ್ವ ಸೆರಗು ಹೊದ್ದುಕೊಂಡು, "ಏಕಯ್ ನಾ" ಎಂದಳು. ಒಂದೂ ಇಲ್ಲ. ಸಭೆಗೆ ಸಭೆಯೇ ನಕ್ಕಿತು. ನಮ್ಮೂರಲ್ಲಿ ಹಲಗೆ ಬಡಿಯುವ ಸಂಗತಿ ಇಲ್ಲಿ ನಗೆಪಾಟಲಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಪ್ರಶ್ನೆ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಗಂಗವ್ವನ ತಲೆಯಲ್ಲೂ ಕೂತಿತ್ತೆಂದು ಆಮೇಲೆ ತಿಳಿಯಿತು.

ಕ್ರಿಸ್‌ಮಸ್ ಕಳೆಯುತ್ತಿದ್ದಂತೆ ಉಲ್ಲಾಸ ಅವಿಶ್ವಾಸದ ಅರ್ಜಿ ಕೊಟ್ಟ. ಗಂಗವ್ವ ತನ್ನ ಕಡೆ ಕೈ ಎತ್ತಿದರೆ ಸಾಲ್ವಾದೋರ ಬೀಳುತ್ತಾನೆ, ಮರುದಿನವೇ ನಾಕಾ ಏಳುತ್ತದೆ. ಅದಕ್ಕೆ ಬದಲಾಗಿ ಕಾಲನಿಯ ಗಾರೆಕೆಲಸದ ಗೌಂಡಿಗಳಿಗೆ ತನ್ನ ಸೈಟುಗಳಲ್ಲಿ ಖಾಯಂ ಕೆಲಸ ಕೊಡುತ್ತೇನೆಂದು ಹೇಳಿ ಕಳಿಸಿದ. ದೈವ ಮತ್ತೆ ಕೂಡಿತು. ಸಂಗಪ್ಪಜ್ಜ ಖಾನಾವಳಿಗೇ ಬಂದು ತೀರ್ಮಾನ ಹೇಳಿದ.

"ಗಂಗವ್ವಾ, ದೈವ ಒಪ್ಪೈತಿ. ಉಲ್ಲಾಸನ ಕಡಿ ಕೈ ಎತ್ತು. ನಮ್ಮ ಹುಡುಗರಿಗೆ ಕೆಲಸ ಹತ್ತತೈತಿ."

"ನಾಕಾದ ಮಂದಿಗೆ, ಯಜ್ಜಾ?"

"ಅವರೇನು ನಮ್ಮವರs? ಸುಗ್ಗಿ ಮುಗಿಸಿ ಬರ್ತಾರ, ಮಳಿ ಬೀಳೂಕಿಂತ ಮುಂಚೆ ಓಡಿಹೋಗ್ತಾರ. ಓಟರ್ ಕಾರ್ಡೂ ಇಲ್ಲ ಅವರಿಗೆ."

"ಅವರೂ ಸಿಂದಗಿ, ಮುದ್ದೇಬಿಹಾಳದವರs ಅದಾರಲ್ಲ."

"ನಾವು ಕುಂಡ್ರಿಸಿದವರು. ನಮ್ಮ ಮಾತು ಕೇಳು."

ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಸದ್ದು ನಿಂತರೆ ಖಾನಾವಳಿಯಲ್ಲಿ ಎಲ್ಲರೂ ತಲೆ ಎತ್ತುತ್ತಿದ್ದರು. "ಯಜ್ಜಾ, ನೀವು ನನ್ನ ಕುಂಡ್ರಿಸಿದ್ರಿ ಖರೇ. ಓಟು ಹಾಕಿದ್ದು ಯಾರು? ನೀವೂ ಹಾಕಿಲ್ಲ, ನಾಕಾದವರೂ ಹಾಕಿಲ್ಲ. ಹಂಗಾದ್ರ ನಾ ಯಾರಾಕಿ? ಅದs ತಿಳಿವಲ್ದು ನನಗ."

ಅವಳು ವಾದ ಮಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ನನ್ನ ಕಡೆಗೂ ನೋಡಿದಳು, ಓದಿದವನಲ್ಲವೇ ಎಂದು. ನಾನು ಮಜ್ಜಿಗೆ ಕುಡಿದೆ.

ಅವಿಶ್ವಾಸದ ದಿನ ಗಂಗವ್ವ ಸಾಲ್ವಾದೋರನ ಕಡೆಯೇ ಕೈ ಎತ್ತಿದಳು. ಸರಪಂಚ ಉಳಿದ, ನಾಕಾ ಉಳಿಯಿತು. ಮರುದಿನದಿಂದ ಕಾಲನಿಯವರು ಖಾನಾವಳಿಗೆ ಬರುವುದನ್ನು ಬಿಟ್ಟರು. ದೈವದ ಕಟ್ಟಪ್ಪಣೆ. ಎದುರು ಸಿಕ್ಕರೂ ಮಾತಿಲ್ಲ. ನೀರಿನ ನಲ್ಲಿಯಲ್ಲಿ ಗಂಗವ್ವ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರಂತೆ, ಆ ನಲ್ಲಿ ಬರಲು ಕಾರಣ ಯಾರು ಎಂಬುದನ್ನು ಮರೆತು! ಊಟಕ್ಕೆ ಉಳಿದವರು ನಾನು ಮತ್ತು ನಾಕಾದ ಮಂದಿ. ಅವರಿಗೂ ಕೆಲಸ ಸಿಕ್ಕ ದಿನ ಮಾತ್ರ ಊಟ. ಸಂಜೆ ಮಿಕ್ಕಿದ ರೊಟ್ಟಿಯನ್ನು ಗಂಗವ್ವ ಬಿಸಿಲಿಗೆ ಒಣಗಿಸಿ ಕಟಕು ಮಾಡಿ ಇಡುತ್ತಿದ್ದಳು. ಬುಟ್ಟಿಗಟ್ಟಲೆ ಕಟಕು ರೊಟ್ಟಿಯಾಯಿತು.

ಒಂದು ದಿನ ಅವಳು ಎಂದಿನಂತೆ ಬಡಿಸುತ್ತ, "ರಾಜೀನಾಮಿ ಕೊಟ್ಟು ಬಂದೆ ನೋಡ್ರಿ ಸರ" ಎಂದಳು, ಚಟ್ನಿ ಮುಗಿಯಿತು ಎಂಬಷ್ಟೇ ಸಲೀಸಾಗಿ.

"ಏನ್ರಿ ಅಕ್ಕಾರ! ಗೆದ್ದ ಮ್ಯಾಲೆ ಯಾರರೆ ಕೊಡ್ತಾರೇನ್ರಿ?"

"ಗೆದ್ದೇನೇನು ನಾ? ಯಾರ ಜೋಡಿ ಗೆದ್ದೆ? ಓಟು ಬೀಳಲಿ. ನನಗ ಬೀಳ್ತಾವೋ ಇಲ್ಲೋ ನೋಡೂಣು. ಈ ಸಲ ಅವಿರೋಧ ಆಗಾಕ ಬಿಡಂಗಿಲ್ಲ ನಾ."

ಸಾಲ್ವಾದೋರ ಬಂದು ತಲೆ ತಲೆ ಚಚ್ಚಿಕೊಂಡ. ನೀನು ಹೋದರೆ ನಾಲ್ಕಕ್ಕೆ ನಾಲ್ಕು, ನಾಳೆ ಸೋತರೆ ನನ್ನ ಕಥೆ ಮುಗಿಯಿತು, ನಾಕಾದ ಕಥೆಯೂ ಮುಗಿಯಿತು ಎಂದ. ಅವನ ಮಾತು ಸುಳ್ಳಲ್ಲ. ಗಂಗವ್ವನಿಗೂ ಅದು ಗೊತ್ತಿತ್ತು. ಅಂಜಿಕೆಯಿಂದ ಅವಳ ಮುಖ ಸಣ್ಣದಾಗಿತ್ತು. ಆದರೂ ಹಿಡಿದ ಹಟ ಬಿಡಲಿಲ್ಲ.

ಬೇಸಿಗೆಯಲ್ಲಿ ಉಪಚುನಾವಣೆ ಬಂತು. ದೈವ ನಿಲ್ಲಿಸಿದ್ದು ಸಂಗಪ್ಪಜ್ಜನ ಸೊಸೆ ರೇಣುಕಾಳನ್ನು, ಉಲ್ಲಾಸನ ಬೆಂಬಲದಿಂದ. ಮತದಾನದ ಹಿಂದಿನ ಭಾನುವಾರ ಎಲ್ಲವ್ವನ ಕಟ್ಟೆಯ ಮುಂದೆ ಎಲ್ಲರನ್ನೂ ಕರೆದು ಭಂಡಾರ ಮುಟ್ಟಿಸಿದರು. ಕುತೂಹಲ ತಡೆಯದೆ ನಾನೂ ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ಒಬ್ಬೊಬ್ಬರೇ ಬಂದು ತಟ್ಟೆ ಮುಟ್ಟಿ, ರೇಣುಕಾಳಿಗೇ ಓಟು ಎಂದು ಹೇಳಿ ಹೋಗುತ್ತಿದ್ದರು. ಹೆಂಗಸರ ಸಾಲು ಬಂತು. ಬಹಳ ಜನ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಿದ್ದರು. ಸಂಗಪ್ಪಜ್ಜನ ಹೆಂಡತಿ ನೀಲವ್ವ ಕೂಡ ಮೊಮ್ಮಗನನ್ನು ಎತ್ತಿಕೊಂಡೇ ಬಂದು ಮುಟ್ಟಿದಳು. ಇಷ್ಟೊಂದು ಕೂಸುಗಳನ್ನು ಆ ಬಿಸಿಲಿನಲ್ಲಿ ಯಾಕೆ ತಂದರಪ್ಪಾ ಎಂದುಕೊಂಡೆ. ಅಷ್ಟೇ. ನನ್ನ ಕಣ್ಣಿಗೆ ಅದಕ್ಕಿಂತ ಹೆಚ್ಚೇನೂ ಬೀಳಲಿಲ್ಲ.

ಇನ್ನು ಗಂಗವ್ವ ಸೋತಂತೆಯೇ ಎಂದು ನಾನು ತೀರ್ಮಾನಿಸಿದೆ. ಸಾಲ್ವಾದೋರನ ಕಡೆಯ ಹತ್ತಿಪ್ಪತ್ತು ಓಟು ಬಿದ್ದರೆ ಪುಣ್ಯ. ಪ್ರಚಾರವೆಂದರೆ ಅವಳು ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಇಷ್ಟೇ: "ಯವ್ವಾ, ನನಗs ಹಾಕ್ರಿ ಅನ್ನಂಗಿಲ್ಲ. ಆದ್ರ ಹಾಕಾಕ ಬರ್ರಿ." ಕೆಲವರು ಬಾಗಿಲು ಮುಚ್ಚಿದರು. ಒಳಗಿನಿಂದ ಅಳುವ ಸದ್ದೂ ಒಂದು ಮನೆಯಲ್ಲಿ ಕೇಳಿತೆಂದು ಅವಳು ಹೇಳಿದಳು.

ಎಣಿಕೆಯ ದಿನ ನಾನು ಅರ್ಧ ರಜೆ ಹಾಕಿದೆ. ಗಂಗವ್ವ ಎಣಿಕೆಯ ಜಾಗಕ್ಕೆ ಹೋಗಲಿಲ್ಲ, ಒಲೆಯ ಮುಂದೆಯೇ ಕೂತಿದ್ದಳು. ಮಧ್ಯಾಹ್ನ ಅವಳ ಗಂಡ ಬೆವರು ಒರೆಸಿಕೊಳ್ಳುತ್ತ ಬಂದ. ಬಾಗಿಲಲ್ಲೇ ನಿಂತು, "ಹ್ವಾದಿ" ಎಂದ. ಸೋತೆಯೆಂದು ಅರ್ಥ.

"ಎಷ್ಟರಿಂದ?" ಗಂಗವ್ವ ಕೇಳಿದಳು.

"ಹನ್ನೊಂದು."

"ಹನ್ನೊಂದs?" ಅವಳು ಎದ್ದು ನಿಂತಳು. "ಹನ್ನೊಂದs ಓಟಿಲೆ ಸೋತ್ನೇನು?" ಎಂದವಳೇ ನೆಲಕ್ಕೆ ಕುಕ್ಕರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತಳು. ಸೋತವರ ಅಳು ಅದಲ್ಲ. ಭಂಡಾರ ಮುಟ್ಟಿ ಆಣೆ ಮಾಡಿದ ಕಾಲನಿಯಲ್ಲಿ ಸುಮಾರು ಅರ್ಧದಷ್ಟು ಜನ ಅವಳಿಗೆ ಹಾಕಿದ್ದರು.

"ಆಣಿ ಮುರದ್ರಲ್ರಿ ಅಕ್ಕಾರ!" ಎಂದೆ ನಾನು, ನಂಬಲಾಗದೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿ ನಕ್ಕಳು. "ಯಾರೂ ಮುರದಿಲ್ರಿ. ಗಿಡದ ಕೆಳಗ ನಿಂತಿದ್ರಂತಲ್ಲ ನೀವು. ಕೂಸು ಯಾವ ಬಗಲಾಗ ಇದ್ವು, ನೋಡಲಿಲ್ಲೇನ್ರಿ?"

ಆಗ ಕಣ್ಣಿಗೆ ಕಟ್ಟಿತು. ನಮ್ಮ ಹೆಂಗಸರು ಕೂಸನ್ನು ಎಡಗಡೆ ಎತ್ತಿಕೊಳ್ಳುತ್ತಾರೆ, ಕೆಲಸಕ್ಕೆ ಬಲಗೈ ಬಿಡುವಿರಲಿ ಎಂದು. ಆ ದಿನ ಸಾಲಿಗೆ ಸಾಲೇ ಬಲಬಗಲಲ್ಲಿ ಎತ್ತಿಕೊಂಡು ಬಂದಿತ್ತು. ಬಲಗೈ ಕೂಸಿಗೆ ಹೋಗಿತ್ತು. ಭಂಡಾರ ಮುಟ್ಟಿದ್ದು ಎಡಗೈ. ಎಡಗೈಯಲ್ಲಿ ಮುಟ್ಟಿದ ಆಣೆ ಅವ್ವನಿಗೆ ತಲುಪುತ್ತದೆಯೇ? ಅಬ್ಬಬ್ಬಾ! ಮೊಮ್ಮಗನನ್ನು ಎತ್ತಿಕೊಂಡ ನೀಲವ್ವ ಕೂಡ ಕಣ್ಮುಂದೆ ಬಂದಳು. ತನ್ನ ಸೊಸೆಯೇ ನಿಂತ ಚುನಾವಣೆಯಲ್ಲಿ!

ಸಾಲ್ವಾದೋರ ಬಿದ್ದ, ಉಲ್ಲಾಸ ಸರಪಂಚನಾದ. ನಾಕಾ ಇನ್ನು ಎದ್ದಂತೆಯೇ ಎಂದು ಎಲ್ಲರೂ ಕಾದೆವು. ಮೊದಲ ಮೀಟಿಂಗಿನಲ್ಲೇ ಅವನು ಠರಾವು ತಂದ. ರೇಣುಕಾ ಕೈ ಎತ್ತಲಿಲ್ಲ. ಮಾವ ಬಾಗಿಲಲ್ಲಿ ನಿಂತು ಸನ್ನೆ ಮಾಡಿದರೂ ಎತ್ತಲಿಲ್ಲವಂತೆ. ಆಮೇಲೆ ನಲ್ಲಿಯ ಹತ್ತಿರ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ಹನ್ನೊಂದು ಓಟಿಲೆ ಗೆದ್ದೀನಿ. ಹಾಕದವರು ಯಾರು ಅಂತ ನನಗೇನು ಗೊತ್ತು? ನಮ್ಮ ಮನ್ಯಾಗs ಇದ್ದಾರೋ ಏನೋ. ನಾಕಾ ಎತ್ತಿಸಿ ಯಾರನ್ನ ಎದುರು ಹಾಕ್ಕೊಳ್ಳಲಿ?" ಅವಳನ್ನು ಕಳೆದುಕೊಂಡರೆ ಉಲ್ಲಾಸನ ಕುರ್ಚಿಯೂ ಹೋಗುತ್ತಿತ್ತು. ಠರಾವು ಮಡಚಿಟ್ಟ. ಅವಿರೋಧ ಬಂದ ಗಂಗವ್ವ ಒಬ್ಬಳೇ ಉಳಿಸಿದ್ದ ನಾಕಾ, ಅವಳು ಸೋತ ಮೇಲೂ ಉಳಿಯಿತು. ಮುಂದಿನ ವರ್ಷ ನನಗೆ ಪುಣೆಗೆ ವರ್ಗವಾಯಿತು.

ಮೊನ್ನೆ ಇಳಿದವನು ನೆಟ್ಟಗೆ ಖಾನಾವಳಿಗೆ ಹೋದೆ. ತಗಡು ಹೋಗಿ ಹಂಚು ಬಂದಿದೆ. ಗಂಗವ್ವನ ಕೂದಲು ಬೆಳ್ಳಗಾಗಿದೆ. "ಯಪ್ಪಾ, ಸರ ಬಂದಾರ!" ಎಂದು ಕೂಗಿದಳು. ಬೆಂಚಿನ ತುದಿಯಲ್ಲಿ ಸಂಗಪ್ಪಜ್ಜ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದುತ್ತಿದ್ದ, ಪಕ್ಕದಲ್ಲಿ ನೀಲವ್ವ. ನಾಕಾದಿಂದ ಬಂದ ಇಬ್ಬರು ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದರು. ಪಂಚಾಯತಿ ಚುನಾವಣೆ ಮತ್ತೆ ಹತ್ತಿರ ಬಂದಿದೆ, ಈ ಸಲ ವಾರ್ಡಿನಲ್ಲಿ ಐದು ಜನ ನಿಲ್ಲುತ್ತಾರಂತೆ. ದೈವ ಯಾರನ್ನೂ ಹಿಂದೆ ಸರಿಸಿಲ್ಲವಂತೆ.

ನನ್ನ ಚಟ ಎಲ್ಲಿ ಹೋಗುತ್ತದೆ? ಅವಳು ಬಡಿಸಲು ಬಾಗಿದಾಗ ಮೆಲ್ಲಗೆ ಕೇಳಿದೆ: "ಅಕ್ಕಾರ, ಅವತ್ತು ನಿಮಗ ಯಾರು ಹಾಕಿದ್ರು, ಯಾರು ಹಾಕಲಿಲ್ಲ, ಎಲ್ಲಾ ಗೊತ್ತಾತೇನ್ರಿ?"

ಗಂಗವ್ವ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು. ಸಂಗಪ್ಪಜ್ಜ ತಲೆ ಎತ್ತಲಿಲ್ಲ. "ಎಲ್ಲಿ ಗೊತ್ತಾಗತೈತ್ರಿ?" ಎಂದಳು. "ಪೆಟ್ಟಿಗಿ ಒಳಗಿನ ಮಾತು. ಇವರೊಳಗ ಯಾರು ನನ್ನವರು, ಯಾರಲ್ಲ, ಇವತ್ತಿಗೂ ತಿಳದಿಲ್ಲ ನನಗ. ಅದಕ್ಕs ಎಲ್ಲಾರಿಗೂ ಸೌಟು ತುಂಬಿಸೇ ಹಾಕ್ತೇನಿ."

ಹಾಗೆಂದವಳೇ ಸಂಗಪ್ಪಜ್ಜನ ತಟ್ಟೆಗೆ ಪಲ್ಯ ಹಾಕಿದಳು.